ಟ್ಯಾಕ್ಸಿಯ ಮುಂದಿನ ಆಸನ



2023ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಾನೂ ನನ್ನ ಪತ್ನಿಯೂ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಮಗಳ ಮನೆಯಲ್ಲಿದ್ದೆವು. ಹಿಂದಿರುಗಿದಂದಿನಿಂದ ನಿಮ್ಮಲ್ಲಿ ಹಲವರು "ಮೇಷ್ಟ್ರೇ, ಅಲ್ಲಿಯ ವಿಚಾರವಾಗಿ ಒಂದಿಷ್ಟು ಬರೆಯಿರಿ" ಎಂದು ಒತ್ತಾಯಿಸುತ್ತಲೇ ಇದ್ದೀರಿ. ಕಾಂಗರೂ, ಕಡಲತೀರ, ಒಪೆರಾ ಹೌಸ್‌ಗಳನ್ನು ವರ್ಣಿಸಲು ನನಗಿಂತ ಸಮರ್ಥರಾದವರು ಬಹಳ ಮಂದಿ ಇದ್ದಾರೆ. ಮೂವತ್ತೈದು ವರ್ಷ ಇತಿಹಾಸ ಬೋಧಿಸಿದವನಿಗೆ ಆ ದೇಶದಲ್ಲಿ ಕೌತುಕವೆನಿಸಿದ್ದು ಅಲ್ಲಿಯ ಜನರ ನಿತ್ಯದ ಸಣ್ಣಪುಟ್ಟ ಅಭ್ಯಾಸಗಳು. ಹೊರಗಿನಿಂದ ಹೋದವರಿಗೆ ಅವು ವಿಚಿತ್ರವಾಗಿ ಕಾಣುತ್ತವೆ. ಅಲ್ಲಿಯವರಿಗೆ ಅವು ಅಭ್ಯಾಸಗಳೆಂಬ ಅರಿವೂ ಇಲ್ಲ. ಅವುಗಳ ಹಿಂದಿರುವ ಚರಿತ್ರೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲ ಪಾಠ ದೊರೆತದ್ದು ಅದಕ್ಕೂ ಹಿಂದೆ, 2011ರ ಮೊದಲ ಭೇಟಿಯಲ್ಲಿ. ಒಂದು ದಿನ ನಾನೊಬ್ಬನೇ ನಗರದ ರಾಜ್ಯ ಗ್ರಂಥಾಲಯಕ್ಕೆ ಹೊರಟಿದ್ದೆ. ಅಳಿಯ ಟ್ಯಾಕ್ಸಿ ಕರೆಸಿದ್ದ. ಸ್ವೆಟರು, ಮಫ್ಲರುಗಳಿಂದ ಸಜ್ಜಾಗಿ, ನಮ್ಮ ವಾಡಿಕೆಯಂತೆ ಹಿಂದಿನ ಬಾಗಿಲು ತೆರೆದು ಗಂಭೀರವಾಗಿ ಕುಳಿತೆ. ಚಾಲಕ ಅರವತ್ತು ದಾಟಿದ ಬಿಳಿಯ ಮನುಷ್ಯ. ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, "ಏಕೆ, ನನ್ನ ಮೈ ಅಷ್ಟೊಂದು ನಾರುತ್ತಿದೆಯೇ?" ಎಂದು ಕೇಳಿಬಿಟ್ಟ! ನಾನು ತಬ್ಬಿಬ್ಬಾದೆ. ಆತ ನಗುತ್ತಾ ಮುಂದಿನ ಆಸನದ ಮೇಲಿದ್ದ ಪತ್ರಿಕೆಯನ್ನು ತೆಗೆದು ಅದನ್ನು ತಟ್ಟಿ ತೋರಿಸಿದ. ನಾನು ಇಳಿದು ಮುಂದೆ ಹೋಗಿ ಕುಳಿತೆ. ದಾರಿಯುದ್ದಕ್ಕೂ ಆತ ಮಳೆ, ಕ್ರಿಕೆಟ್, ತನ್ನ ಮಂಡಿನೋವು ಎಲ್ಲವನ್ನೂ ಹೇಳಿಕೊಂಡ. ಇಳಿಯುವ ಮುನ್ನ ನನ್ನ ಹೆಸರು ಕೇಳಿ, ಅದನ್ನು ಅರ್ಧಕ್ಕೆ ತುಂಡರಿಸಿ, ಆ ತುಂಡಿನಿಂದಲೇ ನನ್ನನ್ನು ಬೀಳ್ಕೊಟ್ಟ.

ಒಬ್ಬನೇ ಪ್ರಯಾಣಿಕನಾದರೆ ಚಾಲಕನ ಪಕ್ಕದಲ್ಲಿ ಕೂರುವುದು ಅಲ್ಲಿಯ ಹಳೆಯ ಪದ್ಧತಿ. ಹಿಂದೆ ಕೂತರೆ ಚಾಲಕನನ್ನು ಆಳೆಂದು ಭಾವಿಸಿದಂತಾಗುತ್ತದೆ ಎಂಬುದು ಅದರ ಇಂಗಿತ. 2023ರಲ್ಲಿ ನೋಡಿದಾಗ ಪರಿಸ್ಥಿತಿ ಬದಲಾಗಿತ್ತು. ಮೊಬೈಲಿನಲ್ಲಿ ಕರೆಸುವ ಊಬರ್ ಕಾರುಗಳಲ್ಲಿ ತರುಣರು ಹಿಂದೆ ಕುಳಿತು ಫೋನಿನಲ್ಲಿ ಮಗ್ನರಾಗಿರುತ್ತಾರೆ. ಕೋವಿಡ್ ಕಾಲದಲ್ಲಿ ಹಿಂದೆಯೇ ಕೂರಬೇಕೆಂಬ ಸೂಚನೆಯೂ ಇತ್ತಂತೆ. ಆದರೂ ಹಳಬರು ಮುಂದೆಯೇ ಕೂರುತ್ತಾರೆ. ಬಸ್ಸಿನಿಂದ ಇಳಿಯುವವರು ಹಿಂಬಾಗಿಲಿನಿಂದಲೇ ಚಾಲಕನಿಗೆ ಕೇಳಿಸುವಂತೆ ಗಟ್ಟಿಯಾಗಿ "ಥ್ಯಾಂಕ್ಸ್" ಕೂಗಿ ಇಳಿಯುವ ಪದ್ಧತಿ ಮಾತ್ರ ಚಿಕ್ಕ ಮಕ್ಕಳಲ್ಲೂ ಉಳಿದಿದೆ. ನನ್ನ ಮೊಮ್ಮಗಳೂ ಕೂಗುತ್ತಾಳೆ. ಮೂರನೆಯ ವಾರದ ಹೊತ್ತಿಗೆ ನಾನೂ ಕೂಗತೊಡಗಿದ್ದೆ.

ಇಂಥ ಇನ್ನೆಷ್ಟೋ ಇವೆ. ಅಳಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಗೆ 'ಸರ್' ಎಂದು ಸಂಬೋಧಿಸಿ ಬರೆದಾಗ, ಆತ ಪಕ್ಕದ ಕೋಣೆಯಿಂದ ಎದ್ದು ಬಂದು, ಹೆಸರು ಹಿಡಿದು ಕರೆಯಬೇಕೆಂದು ವಿನಂತಿಸಿಕೊಂಡನಂತೆ. ಮರುದಿನ ಸಹೋದ್ಯೋಗಿಯೊಬ್ಬ ಕಾಫಿ ಅಂಗಡಿಯಲ್ಲಿ "ಇದು ನನ್ನ ಶೌಟ್" ಎಂದಾಗ, ಈತ ಏಕೆ ಕೂಗಾಡುತ್ತೇನೆನ್ನುತ್ತಿದ್ದಾನೆ ಎಂದು ಇವನಿಗೆ ದಿಗಿಲು! ಈ ಸಲದ ಹಣ ನಾನು ಕೊಡುತ್ತೇನೆ ಎಂದಷ್ಟೇ ಅದರ ಅರ್ಥ. ಮದ್ಯದಂಗಡಿಗಳಲ್ಲಿ ಹುಟ್ಟಿ ಕಾಫಿಗೂ ಹಬ್ಬಿದ ಪದ್ಧತಿಯಿದು. ಬಿಲ್ಲು ಬಂದೊಡನೆ ನಮ್ಮ ಹೋಟೆಲುಗಳಲ್ಲಿ ನಡೆಯುವ ಮಲ್ಲಯುದ್ಧ ಅಲ್ಲಿಲ್ಲ. ಸರದಿ ಬಂದವನು ಕೊಡುತ್ತಾನೆ. ತನ್ನ ಸರದಿಯನ್ನು ಮರೆತವನನ್ನು ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ.

ಊಟಕ್ಕೆ ಕರೆಯುವಾಗ "ಒಂದು ತಟ್ಟೆ ತನ್ನಿ" ಎನ್ನುತ್ತಾರೆ. ಏನಾದರೊಂದು ತಿನಿಸನ್ನು ಮಾಡಿ ತನ್ನಿ ಎಂದದರ ಭಾವ. ಹೊಸದಾಗಿ ಬಂದ ಕನ್ನಡಿಗ ದಂಪತಿಗಳು ಖಾಲಿ ತಟ್ಟೆಗಳನ್ನು ತೊಳೆದು ಒರೆಸಿ ಕೊಂಡೊಯ್ದರೆಂದು ಮಗಳು ನಗುತ್ತಾ ಹೇಳಿದಳು. ಇದೇ ಕಥೆಯನ್ನು ಎರಡನೆಯ ಮಹಾಯುದ್ಧದ ನಂತರ ಬಂದ ಗ್ರೀಕರ, ಇಟಾಲಿಯನ್ನರ ಬಗ್ಗೆಯೂ ಹೇಳುತ್ತಾರೆ. ಆ ಮೇಲೆ ಬಂದ ವಿಯೆಟ್ನಾಮಿನವರ ಬಗ್ಗೆಯೂ ಹೇಳುತ್ತಾರೆ. ಇತಿಹಾಸದ ಮೇಷ್ಟರಾದ್ದರಿಂದ ನನಗೆ ಸಂಶಯ ಬಂತು. ಯಾರ ಹೆಸರನ್ನೂ ಕೇಳಲಿಲ್ಲ.

ಸೂಪರ್ ಮಾರ್ಕೆಟ್ಟಿಗೆ ಬರಿಗಾಲಲ್ಲಿ ಬರುವವರನ್ನು ಕಂಡು ನನ್ನ ಪತ್ನಿ, "ಇವರು ಯಾವ ಹರಕೆ ಹೊತ್ತಿದ್ದಾರೋ" ಎಂದಳು. ಶಾಲೆಯ ಮಕ್ಕಳು ಅಗಲ ಅಂಚಿನ ಟೋಪಿಯಿಲ್ಲದೆ ಬೇಸಿಗೆಯಲ್ಲಿ ಆಟದ ಬಯಲಿಗೆ ಇಳಿಯುವಂತಿಲ್ಲ. ಆ ದೇಶದ ಬಿಸಿಲಿಗೆ ಚರ್ಮದ ಕ್ಯಾನ್ಸರ್ ಅತಿ ಹೆಚ್ಚು. 1981ರಲ್ಲಿ ವಿಕ್ಟೋರಿಯಾದ ಕ್ಯಾನ್ಸರ್ ನಿವಾರಣಾ ಸಂಸ್ಥೆಯು ಅಂಗಿ ತೊಡಿ, ಲೇಪನ ಹಚ್ಚಿ, ಟೋಪಿ ಧರಿಸಿ ಎಂದು ಕಡಲಹಕ್ಕಿಯೊಂದರ ಕಾರ್ಟೂನಿನ ಮೂಲಕ ಸಾರಿತು. ಆಗ ಟೋಪಿ ಧರಿಸಿದ ಮಕ್ಕಳು ಈಗ ತಮ್ಮ ಮಕ್ಕಳಿಗೆ ಧರಿಸುತ್ತಿದ್ದಾರೆ. ಇರಲಿ, ಟೋಪಿಯ ಕಾರಣ ಸೂರ್ಯ. ಟ್ಯಾಕ್ಸಿಯ ಕಾರಣ ಅಷ್ಟು ಸುಲಭವಲ್ಲ.

ಸಾಮಾನ್ಯವಾಗಿ ಹೇಳುವ ಕಾರಣ, ಅದು ಕೈದಿಗಳು ಕಟ್ಟಿದ ದೇಶ, ಆದ್ದರಿಂದ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ ಎಂಬುದು. ನಾನೂ ತರಗತಿಯಲ್ಲಿ ಹೀಗೇ ಹೇಳಿಕೊಟ್ಟ ನೆನಪು, ಈಗ ತಿದ್ದಿಕೊಳ್ಳುತ್ತೇನೆ. 1788ರ ಜನವರಿ 26ರಂದು ಹನ್ನೊಂದು ಹಡಗುಗಳ ಮೊದಲ ತಂಡ ಸಿಡ್ನಿಯಲ್ಲಿ ನೆಲೆಯೂರಿದ ದಿನದಿಂದ, 1868ರಲ್ಲಿ ಕೊನೆಯ ಕೈದಿ ಹಡಗು ಪಶ್ಚಿಮ ತೀರವನ್ನು ತಲಪುವವರೆಗೆ, ಸುಮಾರು 1,60,000 ಜನರನ್ನು ಬ್ರಿಟನ್ ಅಲ್ಲಿಗೆ ಗಡೀಪಾರು ಮಾಡಿತು. ಅವರ ಬದುಕಿನಲ್ಲಿ ಸಮಾನತೆಯ ಸುಳಿವೂ ಇರಲಿಲ್ಲ. ಬೆನ್ನಿಗೆ ಚಾಟಿಯಿತ್ತು. ಶಿಕ್ಷೆ ಮುಗಿಸಿ ಸ್ವತಂತ್ರರಾದವರನ್ನೂ ಸಿರಿವಂತ ವಲಸಿಗರು ತಮ್ಮ ಊಟದ ಮೇಜಿಗೆ ಸೇರಿಸುತ್ತಿರಲಿಲ್ಲ. ಹಾಗಾದರೆ ಈ ಸಲುಗೆ ಎಲ್ಲಿಂದ ಬಂತು?

ನನ್ನ ತಿಳಿವಳಿಕೆಯಂತೆ ಅದು ಬಂದದ್ದು ಕೂಲಿಯಾಳುಗಳ ಕೊರತೆಯಿಂದ. ವಿಶಾಲವಾದ ನೆಲ, ಕೆಲಸಕ್ಕೆ ಜನವಿಲ್ಲ. 1851ರಲ್ಲಿ ಚಿನ್ನ ಸಿಕ್ಕಿದ ಮೇಲಂತೂ ಕುರಿ ಕಾಯುವವನು, ಗುಮಾಸ್ತ, ನಾವಿಕ ಎಲ್ಲರೂ ಗುದ್ದಲಿ ಹಿಡಿದು ಗಣಿಗೆ ಓಡಿದರು. ಆಳು ಬೇಕೆಂದರೆ ಒಡೆಯನೇ ಅಂಗಲಾಚಬೇಕಾದ ಕಾಲ. ಗಣಿಯ ಬಾವಿಯಲ್ಲಿ ಒಬ್ಬ ಕೆಳಗಿಳಿದು ಅಗೆದರೆ ಮತ್ತೊಬ್ಬ ಮೇಲೆ ನಿಂತು ರಾಟೆ ತಿರುಗಿಸಿ ಮಣ್ಣನ್ನು ಎತ್ತಬೇಕು. ಕೆಳಗಿರುವವನ ಪ್ರಾಣ ಮೇಲಿನವನ ಕೈಯಲ್ಲಿ. ಇಂಥ ಜೊತೆಗಾರನನ್ನು 'ಮೇಟ್' ಎನ್ನುತ್ತಿದ್ದರು. ಇಂದು ಆ ದೇಶದಲ್ಲಿ ಹಾಲು ಮಾರುವವನಿಂದ ಹಿಡಿದು ಮಂತ್ರಿಯವರೆಗೆ ಪರಸ್ಪರ ಕೂಗಿಕೊಳ್ಳುವ ಪದ ಇದೇ. 2005ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿಗೆ, ಬರುವವರನ್ನು 'ಮೇಟ್' ಎನ್ನಬಾರದೆಂದು ಅಧಿಕಾರಿಗಳು ಆಜ್ಞೆ ಹೊರಡಿಸಿದರು. ದೇಶಾದ್ಯಂತ ಎದ್ದ ಗದ್ದಲಕ್ಕೆ ಹೆದರಿ ಒಂದೇ ದಿನದಲ್ಲಿ ಹಿಂದೆಗೆದುಕೊಂಡರು!

ಗಣಿಗಾರರ ಮೇಲೆ ಸರ್ಕಾರ ಹೇರಿದ್ದ ಪರವಾನಗಿ ಶುಲ್ಕದ ವಿರುದ್ಧ ಬ್ಯಾಲರಾಟ್ ಎಂಬಲ್ಲಿ ಕಲಹವೆದ್ದು, 1854ರ ಡಿಸೆಂಬರ್ 3ರಂದು ಯುರೇಕಾ ದಿಬ್ಬದಲ್ಲಿ ರಕ್ತ ಹರಿಯಿತು. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಆ ಗಲಭೆಗಿಂತ ಅದಾದ ಎರಡು ವರ್ಷಗಳ ನಂತರದ 1856.

ನಮ್ಮಲ್ಲಿ 1857ನ್ನು ಬಾಯಿಪಾಠ ಮಾಡಿಸುತ್ತೇವೆ. ಅದರ ಹಿಂದಿನ ವರ್ಷ ಅದೇ ಬ್ರಿಟಿಷರ ಅಧೀನದಲ್ಲಿದ್ದ ಮೆಲ್ಬರ್ನ್‌ನಲ್ಲಿ ನಡೆದದ್ದನ್ನು ಕೇಳಿ. ಫೆಬ್ರವರಿಯಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ನಾನು ಟ್ಯಾಕ್ಸಿಯಲ್ಲಿ ಹೋದದ್ದು ಅಲ್ಲಿಗೇ. ಹದಿನಾಲ್ಕು ವರ್ಷ ದಾಟಿದ ಯಾರೇ ಆಗಲಿ ಒಳಗೆ ಬರಬಹುದಿತ್ತು, ಶಿಫಾರಸು ಪತ್ರ ಬೇಕಿರಲಿಲ್ಲ. ಕೈ ಶುಭ್ರವಾಗಿದ್ದರೆ ಸಾಕು ಎಂಬುದು ನಿಯಮ. ಮಾರ್ಚಿಯಲ್ಲಿ ರಹಸ್ಯ ಮತದಾನದ ಕಾನೂನು ಬಂತು. ಅಲ್ಲಿಯವರೆಗೆ ಜಮೀನುದಾರನ ಎದುರು ನಿಂತು ಬಾಯಿಬಿಟ್ಟು ಮತ ಹೇಳುವ ರೂಢಿಯಿತ್ತು. ವಿಕ್ಟೋರಿಯಾವೂ, ಕೆಲವೇ ವಾರಗಳ ಅಂತರದಲ್ಲಿ ದಕ್ಷಿಣ ಆಸ್ಟ್ರೇಲಿಯಾವೂ ಸರ್ಕಾರವೇ ಮುದ್ರಿಸಿದ ಮತಪತ್ರವನ್ನು ಮರೆಯಲ್ಲಿ ಗುರುತು ಮಾಡುವ ಪದ್ಧತಿಯತ್ತ ಜಗತ್ತನ್ನು ನಡೆಸಿದವು. ಅಮೆರಿಕದಲ್ಲಿ ಅದಕ್ಕೆ 'ಆಸ್ಟ್ರೇಲಿಯನ್ ಮತಪತ್ರ' ಎಂದೇ ಹೆಸರಾಯಿತು. ನಮ್ಮೂರಿನ ಶಾಲೆಯಲ್ಲಿ ನಾನು ಎಷ್ಟೋ ಬಾರಿ ಮತಗಟ್ಟೆ ಅಧಿಕಾರಿಯಾಗಿ ರಟ್ಟಿನ ಮರೆಗಳನ್ನು ನಿಲ್ಲಿಸಿದ್ದೇನೆ. ಅದರ ತವರು ಎಲ್ಲಿಯೆಂದು ಆಗ ಗೊತ್ತಿರಲಿಲ್ಲ.

ಏಪ್ರಿಲ್ 21ರಂದು, ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು, ದಿನಕ್ಕೆ ಎಂಟೇ ಗಂಟೆಯ ದುಡಿಮೆ ಎಂದು ಸಾರುತ್ತಾ ಸಂಸತ್ ಭವನದ ಕಡೆಗೆ ಮೆರವಣಿಗೆ ಹೊರಟರು. ಕೂಲಿಯಲ್ಲಿ ಕಡಿತವಿಲ್ಲದೆ ಅದನ್ನು ಗಳಿಸಿಯೂ ಗಳಿಸಿದರು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ರೆ. ನಗರದ ಕಾರ್ಮಿಕ ಭವನದ ಎದುರು ಒಂದು ಸ್ತಂಭವಿದೆ; ಅದರ ತುದಿಯಲ್ಲಿ ಮೂರು ಎಂಟುಗಳು. ಸಂಜೆ ಐದಾದೊಡನೆ ಅಳಿಯನ ಕಚೇರಿಯಲ್ಲಿ ಜನ ಎದ್ದು ಹೊರಡುವುದನ್ನೂ, ತಡವಾಗಿ ಉಳಿದವನನ್ನು ಮೆಚ್ಚುಗೆಯ ಬದಲು ಅನುಕಂಪದಿಂದ ನೋಡುವುದನ್ನೂ ಕೇಳಿ ನಾನು ಆಶ್ಚರ್ಯಪಟ್ಟಿದ್ದೆ. ಆ ಸ್ತಂಭದ ಕೆಳಗೆ ನಿಂತಾಗ ಆಶ್ಚರ್ಯ ಕಡಿಮೆಯಾಯಿತು.

ಹೋಟೆಲಿನಲ್ಲಿ ಟಿಪ್ಸ್ ಕೊಡುವ ಬಲವಂತವಿಲ್ಲದ್ದಕ್ಕೂ ಇಂಥದೇ ಹಿನ್ನೆಲೆ. ಮಗಳ ಮನೆಯಿಂದ ನಗರಕ್ಕೆ ಹೋಗುವ ರೈಲು ಸನ್‌ಶೈನ್ ಎಂಬ ನಿಲ್ದಾಣವನ್ನು ಹಾದುಹೋಗುತ್ತದೆ. ಊರಿನ ಹಳೆಯ ಹೆಸರು ಬೇರೆ. ಅಲ್ಲಿ ತಯಾರಾಗುತ್ತಿದ್ದ ಕೊಯ್ಲು ಯಂತ್ರದ ಹೆಸರನ್ನೇ 1907ರಲ್ಲಿ ಊರಿಗೆ ಇಟ್ಟರು. ಅದೇ ವರ್ಷ ಆ ಕಾರ್ಖಾನೆಯ ಒಡೆಯ ಮೆಕೇ ಕೊಡುತ್ತಿದ್ದ ಕೂಲಿ ನ್ಯಾಯವಾದದ್ದೇ ಎಂಬ ವ್ಯಾಜ್ಯ ನ್ಯಾಯಮೂರ್ತಿ ಹಿಗ್ಗಿನ್ಸ್ ಅವರ ಮುಂದೆ ಬಂತು. ಅವರು ಲಾಭನಷ್ಟದ ಲೆಕ್ಕ ಕೇಳಲಿಲ್ಲ. ಕಾರ್ಮಿಕರ ಹೆಂಡತಿಯರನ್ನೂ ಕರೆಸಿ, ಬಾಡಿಗೆಗೆಷ್ಟು, ರೊಟ್ಟಿಗೆಷ್ಟು, ಸೌದೆಗೆಷ್ಟು ಎಂದು ವಿಚಾರಿಸಿ, ಗಂಡ ಹೆಂಡತಿ ಮತ್ತು ಮೂವರು ಮಕ್ಕಳು ಮರ್ಯಾದೆಯಿಂದ ಬದುಕಲು ದಿನಕ್ಕೆ 7 ಷಿಲ್ಲಿಂಗ್ ಬೇಕೆಂದು ನಿರ್ಣಯಿಸಿದರು. ಮರುವರ್ಷ ಉಚ್ಚ ನ್ಯಾಯಾಲಯವು ಮೂಲ ಕಾನೂನನ್ನೇ ಅಸಿಂಧುಗೊಳಿಸಿತು. ಆದರೂ ಆ ಅಳತೆಗೋಲು ಉಳಿದು, ದೇಶದ ಕನಿಷ್ಠ ವೇತನದ ಆಧಾರವಾಯಿತು. ಸಂಬಳದಿಂದಲೇ ಬದುಕಬಲ್ಲವನು ಟಿಪ್ಸಿಗೆ ಕೈ ಚಾಚಬೇಕಿಲ್ಲ, ಕೈ ಚಾಚದವನು ಬಾಗಬೇಕಿಲ್ಲ. ನಾನು ಕಾಫಿ ಅಂಗಡಿಯಲ್ಲಿ ಎರಡು ಡಾಲರ್ ಮೇಜಿನ ಮೇಲೆ ಬಿಟ್ಟು ಬಂದಾಗ, ಹುಡುಗಿ ಹಿಂದೆಯೇ ಓಡಿಬಂದು "ಮರೆತಿರಿ" ಎಂದು ಕೈಗಿತ್ತಳು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ನಮ್ಮ ಪಠ್ಯಪುಸ್ತಕದ ಪಾಠದಂತೆ ಚೆನ್ನಾಗಿರುತ್ತಿತ್ತು! ಆದರೆ ಆ ಮುಂದಿನ ಆಸನದಲ್ಲಿ ಎಲ್ಲರಿಗೂ ಜಾಗವಿತ್ತೇ?

ಎಂಟು ಗಂಟೆಯ ಮೆರವಣಿಗೆಗೆ ಒಂದು ವರ್ಷ ಮೊದಲು, 1855ರಲ್ಲಿ, ಅದೇ ವಿಕ್ಟೋರಿಯಾ ಚೀನೀಯರ ತಲೆಯೊಂದಕ್ಕೆ 10 ಪೌಂಡ್ ತೆರಿಗೆ ಹಾಕಿತ್ತು. ಅದನ್ನು ತೆರಲಾರದ ಸಾವಿರಾರು ಮಂದಿ ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಎಂಬ ಬಂದರಿನಲ್ಲಿ ಇಳಿದು, ಹೆಗಲ ಮೇಲೆ ಅಡ್ಡೆ ಹೊತ್ತು, ನಾನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಚಿನ್ನದ ಗಣಿಗಳನ್ನು ಸೇರಿದರು. 1901ರಲ್ಲಿ ಆರು ವಸಾಹತುಗಳು ಒಂದಾಗಿ ರಾಷ್ಟ್ರವಾದ ವರ್ಷವೇ ವಲಸೆ ನಿರ್ಬಂಧದ ಕಾಯಿದೆ ಹೊರಟಿತು. ಕಾಯಿದೆಯಲ್ಲಿ ಬಣ್ಣದ ಮಾತೇ ಇಲ್ಲ. ಇದ್ದದ್ದು ಉಕ್ತಲೇಖನ! ನಾನು ನಿಮಗೆ ಶನಿವಾರ ಬೆಳಿಗ್ಗೆ ಬರೆಸುತ್ತಿದ್ದೆನಲ್ಲ, ಅದೇ. ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ ಐವತ್ತು ಪದಗಳನ್ನು ಅಧಿಕಾರಿ ಓದುತ್ತಾನೆ, ಬಂದವನು ಬರೆಯಬೇಕು. ಭಾಷೆಯ ಆಯ್ಕೆ ಅಧಿಕಾರಿಯದು. ಏಷ್ಯಾದವನಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಬೇರೊಂದು ಭಾಷೆಯಲ್ಲಿ ಬರೆಸಿದರಾಯಿತು. 1909ರ ನಂತರ ಆ ಪರೀಕ್ಷೆಯಲ್ಲಿ ಒಬ್ಬನೂ ತೇರ್ಗಡೆಯಾಗಲಿಲ್ಲ. 1934ರಲ್ಲಿ ಎಗಾನ್ ಕಿಶ್ ಎಂಬ ಬಹುಭಾಷಾ ಪತ್ರಕರ್ತ ಬಂದಾಗ, ಆತನ ರಾಜಕೀಯ ಹಿಡಿಸದ ಸರ್ಕಾರ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಡಿಸಿ ಅನುತ್ತೀರ್ಣಗೊಳಿಸಿತು. ಉಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲವೆಂಬುದು ಬೇರೆ ಮಾತು. ಈ ಪರೀಕ್ಷೆ ಕೊನೆಗೊಂಡದ್ದು 1958ರಲ್ಲಿ. ವರ್ಣದ ತಾರತಮ್ಯ ವಲಸೆ ನೀತಿಯಿಂದ ಪೂರ್ಣವಾಗಿ ಹೋದದ್ದು 1973ರಲ್ಲಿ. ನನ್ನ ಮಗಳು ಹುಟ್ಟಿದ್ದು 1974. ಅದೇ ದೇಶದಲ್ಲಿ ಈಗ ಅವಳ ಮನೆಯ ಬೀದಿಯಲ್ಲಿ ಸಂಜೆ ತೆಲುಗು, ಪಂಜಾಬಿ, ಕನ್ನಡ ಮೂರೂ ಕೇಳಿಸುತ್ತವೆ.

ಭಾರತೀಯರಾದ ನಮಗೆ ಸಂಬಂಧಿಸಿದ ಇನ್ನೊಂದು ಸಂಗತಿ. 1902ರಲ್ಲಿ ಆಸ್ಟ್ರೇಲಿಯಾ ಮಹಿಳೆಯರಿಗೆ ಮತಾಧಿಕಾರ ಕೊಟ್ಟಾಗ ಜಗತ್ತು ಬೆರಗಾಯಿತು. ಆದರೆ ಅದೇ ಕಾಯಿದೆಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ, ಏಷ್ಯಾ ಮತ್ತು ಆಫ್ರಿಕಾ ಮೂಲದವರಿಗೂ ಮತವಿಲ್ಲವೆಂದು ಬರೆದಿತ್ತು. 1922ರಲ್ಲಿ ಶ್ರೀನಿವಾಸ ಶಾಸ್ತ್ರಿಗಳು ಅಲ್ಲಿಗೆ ಹೋಗಿ, ಅಲ್ಲಿ ನೆಲೆಸಿದ್ದ ಭಾರತೀಯರ ಪರವಾಗಿ ಊರೂರು ತಿರುಗಿ ಮಾತನಾಡಿದರು. 1925ರಲ್ಲಿ ಬ್ರಿಟಿಷ್ ಇಂಡಿಯಾ ಮೂಲದ ನಿವಾಸಿಗಳಿಗೆ ಮತಾಧಿಕಾರ ದೊರೆಯಿತು. ನೆಲದ ಮೂಲನಿವಾಸಿಗಳು ಎಲ್ಲರೂ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಬಹುದೆಂದಾದದ್ದು 1962ರಲ್ಲಿ! ಅವರನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲು 1967ರ ಜನಮತಗಣನೆಯೇ ಬೇಕಾಯಿತು. ದುಡಿಮೆಯಲ್ಲೂ ಹಾಗೆಯೇ. ಹಿಗ್ಗಿನ್ಸರ ಏಳು ಷಿಲ್ಲಿಂಗ್ ಅವರನ್ನು ಮುಟ್ಟಲಿಲ್ಲ. 1966ರ ಆಗಸ್ಟ್‌ನಲ್ಲಿ ಉತ್ತರದ ವೇವ್ ಹಿಲ್ ಎಂಬ ಬ್ರಿಟಿಷ್ ಒಡೆತನದ ದನಗಳ ಬೃಹತ್ ಜಮೀನಿನಿಂದ ಗುರಿಂಜಿ ಬುಡಕಟ್ಟಿನ ಸುಮಾರು ಇನ್ನೂರು ಜನ, ವಿನ್ಸೆಂಟ್ ಲಿಂಗಿಯಾರಿ ಎಂಬ ಹಿರಿಯರ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ನಡೆದರು. ಕೂಲಿಗಾಗಿ ಎದ್ದವರು ನೆಲವನ್ನೇ ಕೇಳಿದರು. ಒಂಬತ್ತು ವರ್ಷ ಕಾದರು. 1975ರ ಆಗಸ್ಟ್ 16ರಂದು ಪ್ರಧಾನಿ ವಿಟ್ಲಮ್ ಬಾಗಿ, ಹಿಡಿ ಮಣ್ಣನ್ನು ಲಿಂಗಿಯಾರಿಯವರ ಅಂಗೈಗೆ ಸುರಿದರು. ಆ ಛಾಯಾಚಿತ್ರವನ್ನು ನೋಡದವರು ಹುಡುಕಿ ನೋಡಿ.

ಈಗ ಅಲ್ಲಿ ಶಾಲೆಯ ಸಭೆಯಾಗಲಿ, ಕಚೇರಿಯ ಸಮಾರಂಭವಾಗಲಿ, ಆರಂಭದಲ್ಲಿ ಆ ನೆಲದ ಮೂಲನಿವಾಸಿಗಳನ್ನೂ ಅವರ ಹಿರಿಯರನ್ನೂ ಸ್ಮರಿಸುತ್ತಾರೆ, ನಾವು ಪ್ರಾರ್ಥನೆ ಹೇಳುವಂತೆ. 2023ರ ಅಕ್ಟೋಬರ್ 14, ಶನಿವಾರ, ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ತಿಳಿಸುವ ಸಲಹಾ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂಬ ಜನಮತಗಣನೆ ನಡೆಯಿತು. ಮಗಳ ಜೊತೆ ನಾನೂ ಮೊಮ್ಮಗಳ ಶಾಲೆಯವರೆಗೆ ಹೋದೆ. ಮತದಾನ ಅಲ್ಲಿ ಕಡ್ಡಾಯ, ತಪ್ಪಿಸಿದರೆ ದಂಡ. 1922ರಲ್ಲಿ ಶೇಕಡ 60ರಷ್ಟೂ ಇರದಿದ್ದ ಮತದಾನ, 1924ರಲ್ಲಿ ಈ ಕಾನೂನು ಬಂದ ಮೇಲೆ, 1925ರಲ್ಲಿ ಶೇಕಡ 91ನ್ನು ದಾಟಿತು. ಮತಗಟ್ಟೆಯ ಹೊರಗೆ ಪೋಷಕರು ಒಲೆ ಹೂಡಿ, ಬ್ರೆಡ್ಡಿನ ಮಧ್ಯೆ ಮಾಂಸದ ಸಾಸೇಜು, ಈರುಳ್ಳಿ ಇಟ್ಟು ಶಾಲೆಯ ನಿಧಿಗಾಗಿ ಮಾರುತ್ತಿದ್ದರು. 'ಪ್ರಜಾಪ್ರಭುತ್ವದ ಸಾಸೇಜು' ಎಂದೇ ಅದಕ್ಕೆ ಹೆಸರು. ನಾನು ಶಾಖಾಹಾರಿಯೆಂದಾಗ ಒಬ್ಬ ಬ್ರೆಡ್ಡಿನಲ್ಲಿ ಬರೀ ಈರುಳ್ಳಿ ತುಂಬಿಸಿ ಕೊಟ್ಟು, ಅದಕ್ಕೂ ಹಣ ತೆಗೆದುಕೊಂಡ. ಶಾಲೆಯ ನಿಧಿಗಲ್ಲವೇ, ಸಂತೋಷದಿಂದ ಕೊಟ್ಟೆ. ಪೊಲೀಸರಿಲ್ಲ, ಗದ್ದಲವಿಲ್ಲ, ನಾಯಿಗಳೂ ಸಾಲಿನಲ್ಲಿ ನಿಂತಿದ್ದವು. ರಾತ್ರಿ ಊಟಕ್ಕೆ ಕುಳಿತಿದ್ದಾಗಲೇ ಫಲಿತಾಂಶ ತಿಳಿಯಿತು. ನೂರಕ್ಕೆ ಸುಮಾರು ಅರವತ್ತು ಜನ ಬೇಡವೆಂದಿದ್ದರು. ಆರು ರಾಜ್ಯಗಳೂ ಬೇಡವೆಂದಿದ್ದವು. ಮಗಳು ಏನೆಂದು ಗುರುತು ಮಾಡಿದಳೋ ನಾನು ಕೇಳಲಿಲ್ಲ. ವಿರೋಧಿಸಿದವರಲ್ಲಿ ನಾನಾ ಕಾರಣಗಳಿದ್ದವು. ಒಂದು ದೊಡ್ಡ ಕಾರಣ, ನಾವೆಲ್ಲ ಸಮಾನರಾಗಿರುವಾಗ ಒಬ್ಬರಿಗೆ ಪ್ರತ್ಯೇಕ ಸ್ಥಾನವೇಕೆ ಎಂಬುದು. ಸಮಾನತೆಯ ಮಾತನ್ನು ಹೀಗೂ ಬಳಸಬಹುದೆಂದು ನನಗೆ ಅಂದು ಹೊಳೆಯಿತು. ಸ್ವಲ್ಪ ಹೊತ್ತು ನಿದ್ರೆ ಬರಲಿಲ್ಲ.

ಅವರ ದೋಷವನ್ನು ಎತ್ತಿ ಹೇಳುವ ಅಧಿಕಾರ ನನಗಿದೆಯೇ ಎಂಬ ಪ್ರಶ್ನೆಯೂ ಆ ನಿದ್ರೆಯನ್ನು ಕೆಡಿಸಿತ್ತು. ಅದಕ್ಕೆ ಕಾರಣ ಅದಕ್ಕೆ ಒಂದು ವಾರ ಮೊದಲು ಮೊಮ್ಮಗಳ ಶಾಲೆಯಲ್ಲಿ ಕಂಡ ದೃಶ್ಯ. ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆದ ದಿನವದು. ಮುಖ್ಯೋಪಾಧ್ಯಾಯಿನಿ ತಮ್ಮ ಹೆಸರು ಹೇಳಿಕೊಂಡು ನನ್ನ ಹೆಸರು ಕೇಳಿದರು. ಅನಂತರ ನನ್ನನ್ನು ಆ ಹೆಸರಿನಿಂದಲೇ ಕರೆದರು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬರಿಯ ಹೆಸರಿನಿಂದ ಕರೆದವರಿಲ್ಲ. ಊರಿಗೆಲ್ಲ ಮೇಷ್ಟ್ರು, ಮನೆಯಲ್ಲಿ 'ಇವರೇ'. ಮೊದಲು ಕಿವಿಗೆ ಚುಚ್ಚಿದಂತಾಯಿತು, ಅನಂತರ ಏಕೋ ಹಿತವೆನಿಸಿತು. ಉಪಾಧ್ಯಾಯರ ಕೊಠಡಿಯಲ್ಲಿ ಚಹಾ ಕೊಟ್ಟರು. ಅದೇ ಮೇಜಿನಲ್ಲಿ ನೀಲಿ ಅಂಗಿಯ ವೃದ್ಧರೊಬ್ಬರು ಕುಳಿತು ಬಿಸ್ಕತ್ತು ಅದ್ದಿ ತಿನ್ನುತ್ತಾ, ಮುಖ್ಯೋಪಾಧ್ಯಾಯಿನಿಯನ್ನು ಹೆಸರು ಹಿಡಿದು ಕರೆದು, ಚರಂಡಿ ದುರಸ್ತಿ ಏಕಿನ್ನೂ ಆಗಿಲ್ಲವೆಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿರಬಹುದೆಂದು ಭಾವಿಸಿದೆ. ಅವರು ಶಾಲೆಯ ಕಸ ಗುಡಿಸುವವರು.

ನಾನು ಸೇವೆ ಸಲ್ಲಿಸಿದ ಪ್ರೌಢಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನರನ್ನು ನಿಮ್ಮಲ್ಲಿ ಹಳಬರು ಮರೆತಿರಲಾರಿರಿ. 1966ರಲ್ಲಿ ನಾನು ಸೇರಿದಾಗ ಅವರಿದ್ದರು, 1988ರಲ್ಲಿ ನಿವೃತ್ತರಾದರು. ನನಗಿಂತ ಹದಿನೈದು ವರ್ಷ ಹಿರಿಯರು. ಇಪ್ಪತ್ತೆರಡು ವರ್ಷ ನನಗೆ ಚಹಾ ತಂದುಕೊಟ್ಟರು, ನನ್ನನ್ನು 'ತಾವು' ಎಂದರು. ನಾನು ಅವರನ್ನು 'ನೀನು' ಎಂದೆ. ಇಪ್ಪತ್ಮೂರು ವರ್ಷದ ಹುಡುಗ ಮೂವತ್ತೆಂಟರ ಗೃಹಸ್ಥನನ್ನು 'ಬಾರೋ' ಎಂದು ಕರೆಯುವುದು ಅಂದು ಯಾರಿಗೂ ಅಸಹಜವೆನಿಸಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಅವರ ಲೋಟ ಕಿಟಕಿಯ ಮೇಲೆ ಬೇರೆಯಾಗಿರುತ್ತಿತ್ತು. ಪೌರನೀತಿಯ ತರಗತಿಯಲ್ಲಿ ಸಂವಿಧಾನದ 17ನೆಯ ವಿಧಿಯನ್ನು ನಿಮಗೆ ವಿವರಿಸಿ, ಗಂಟೆ ಹೊಡೆದ ಮೇಲೆ ಅದೇ ಕೊಠಡಿಗೆ ಬಂದು ನನ್ನ ಲೋಟದಲ್ಲಿ ಚಹಾ ಕುಡಿಯುತ್ತಿದ್ದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದೆವು. ವೇದಿಕೆಯಲ್ಲಿ ಕುರ್ಚಿ ಹಾಕಿಸಿದ್ದೆವು. ಅವರು ಕೂರಲಿಲ್ಲ, ಕೊನೆಯವರೆಗೂ ನಿಂತೇ ಇದ್ದರು. "ಕೂತ್ಕೋ" ಎಂದು ನಾನೇ ಹೇಳಿದೆ, ಏಕವಚನದಲ್ಲಿ.

ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ 1979ರ ಶಾಲಾ ಗುಂಪಿನ ಛಾಯಾಚಿತ್ರ ಸಿಕ್ಕಿತು. ಬಲ ಅಂಚಿನಲ್ಲಿ ಅವರು ನಿಂತಿದ್ದಾರೆ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಕೆಳಗೆ ಎಲ್ಲ ಉಪಾಧ್ಯಾಯರ ಹೆಸರುಗಳೂ, ಹತ್ತನೆಯ ತರಗತಿಯ ನಲವತ್ತೊಂದು ವಿದ್ಯಾರ್ಥಿಗಳ ಹೆಸರುಗಳೂ ಇವೆ. ಅವರ ಹೆಸರಿಲ್ಲ. ಆ ಪಟ್ಟಿಯನ್ನು ಸುಂದರವಾದ ಅಕ್ಷರಗಳಲ್ಲಿ ಬರೆದವನು ನಾನೇ. ಪಕ್ಕದ ಬಿಳಿಯ ಜಾಗದಲ್ಲಿ ಈಗ ಸೇರಿಸೋಣವೆಂದು ಲೇಖನಿ ಹಿಡಿದಾಗ, ನಾವೆಲ್ಲ ಕರೆಯುತ್ತಿದ್ದ ಆ ಎರಡಕ್ಷರದ ಅಡ್ಡಹೆಸರಲ್ಲದೆ ಬೇರೇನೂ ನನಗೆ ತಿಳಿಯದೆಂಬುದು ಅರಿವಿಗೆ ಬಂತು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಮನೆಯವರು ಊರು ಬಿಟ್ಟು ಭದ್ರಾವತಿಯ ಕಡೆ ಹೋದರೆಂದು ಕೇಳಿದ್ದೇನೆ. ಅವರ ಮಗಳು ನಮ್ಮ ಶಾಲೆಯಲ್ಲೇ, ಬಹುಶಃ 1972 ಅಥವಾ 73ರಲ್ಲಿ, ಎಂಟನೆಯ ತರಗತಿಯವರೆಗೆ ಓದಿದ್ದಳು. ಆ ವರ್ಷಗಳಲ್ಲಿ ಅವಳ ಜೊತೆ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರ ಪೂರ್ಣ ಹೆಸರನ್ನೂ ತಂದೆಯ ಹೆಸರನ್ನೂ ದಯವಿಟ್ಟು ನನಗೆ ತಿಳಿಸಿ.